ಬಿಸಿಲನ್ನು ಅಳೆಯುವ ಬಗೆ

ನೋಡುವುದರಲ್ಲಿ ಕಣ್ಣಿಗೆ ಸಮನಾದ ಇಂದ್ರಿಯ ಮತ್ತೊಂದಿಲ್ಲ. ಅಳೆಯುವುದರಲ್ಲಿ ಮಾತ್ರ ಅದನ್ನು ನೆಚ್ಚುವಂತಿಲ್ಲ. ಹುಣ್ಣಿಮೆಯ ರಾತ್ರಿ ಅಂಗಳದಲ್ಲಿ ನಿಂತವರ ಮುಖವನ್ನು ಗುರುತಿಸುವ ಕಣ್ಣೇ ಮರುದಿನ ಮಧ್ಯಾಹ್ನ, ಅದಕ್ಕಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಪ್ರಖರವಾದ ಬೆಳಕಿನಲ್ಲಿಯೂ, ಅದೇ ಮುಖವನ್ನು ಅಷ್ಟೇ ನಿರಾಯಾಸವಾಗಿ ಗುರುತಿಸುತ್ತದೆ. ಇಷ್ಟು ಅಗಾಧವಾದ ಅಂತರವನ್ನು ತನ್ನೊಳಗೇ ಸರಿದೂಗಿಸಿಕೊಂಡು, ಅದರ ಅರಿವೇ ನಮಗಾಗದಂತೆ ಮಾಡುವ ಇಂದ್ರಿಯವು ಎರಡು ಬೆಳಕುಗಳ ಪ್ರಮಾಣವನ್ನು ಹೇಳೆಂದರೆ ಹೇಗೆ ಹೇಳೀತು? ಅದಲ್ಲದೆ ಕಣ್ಣಿಗೆ ಪಕ್ಷಪಾತವೂ ಉಂಟು. ಒಂದೇ ಪ್ರಮಾಣದ ಶಕ್ತಿಯನ್ನು ಹೊತ್ತು ಬಂದ ಹಸುರು ಕಿರಣವು ಅದಕ್ಕೆ ಉಜ್ವಲವಾಗಿಯೂ, ಕೆಂಪು ಕಿರಣವು ಮಂಕಾಗಿಯೂ ತೋರುತ್ತದೆ. ಕೆಂಪಿನ ಆಚೆಗೂ ನೇರಳೆಯ ಆಚೆಗೂ ಇರುವ ಕಿರಣಗಳಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಸೂರ್ಯನಿಂದ ಭೂಮಿಗೆ ಬರುವ ಶಕ್ತಿಯಲ್ಲಿ ಹೆಚ್ಚು ಕಡಮೆ ಅರ್ಧಭಾಗವು ಹೀಗೆ ಕಣ್ಣಿನ ಲೆಕ್ಕಕ್ಕೆ ಸಿಕ್ಕದೆ ಹೋಗುವಂಥದು.

ಆದಕಾರಣ ಕಿರಣಶಕ್ತಿಯನ್ನು ಅಳೆಯಹೊರಟವರು ಕಣ್ಣನ್ನು ಬದಿಗಿಟ್ಟು, ಎಲ್ಲ ಬಣ್ಣದ ಕಿರಣಗಳನ್ನೂ ಸಮದೃಷ್ಟಿಯಿಂದ ಸ್ವೀಕರಿಸುವ ಒಂದು ವಸ್ತುವನ್ನು ಅರಸಬೇಕಾಯಿತು. ಆ ವಸ್ತು ದೊರೆತದ್ದು ಅತಿ ಸಾಮಾನ್ಯವಾದ ದೀಪದ ಕಾಡಿಗೆಯಲ್ಲಿ. ಕಾಡಿಗೆ ಹಿಡಿದ ಮೈಯ ಮೇಲೆ ಯಾವ ಕಿರಣ ಬಿದ್ದರೂ ಅದರ ಬಹುಭಾಗವು ಹಿಂದಕ್ಕೆ ಚಿಮ್ಮದೆ ಅಲ್ಲಿಯೇ ಹೀರಿಹೋಗಿ ಉಷ್ಣವಾಗಿ ಪರಿಣಮಿಸುತ್ತದೆ. ಆ ಉಷ್ಣದಿಂದ ಮೈಯ ತಾಪ ಎಷ್ಟು ಏರಿತೆಂಬುದನ್ನು ಕಂಡುಕೊಂಡರೆ, ಬಿದ್ದ ಶಕ್ತಿಯೆಷ್ಟೆಂಬುದನ್ನು ಗಣಿಸಬಹುದು. ಈ ಅಧ್ಯಾಯದಲ್ಲಿ ಬರುವ ಬಹುತೇಕ ಉಪಕರಣಗಳ ತತ್ತ್ವವೂ ಇಷ್ಟೇ. ಆದರೆ ತತ್ತ್ವದ ಸರಳತೆಯನ್ನು ಕಂಡು ಕಾರ್ಯವೂ ಸುಲಭವೆಂದು ಭಾವಿಸಬಾರದು. ಏರುವ ತಾಪವು ಅನೇಕ ವೇಳೆ ಒಂದು ಡಿಗ್ರಿಯ ಸಾವಿರದಲ್ಲೊಂದು, ಲಕ್ಷದಲ್ಲೊಂದು ಪಾಲಿನಷ್ಟು ಸೂಕ್ಷ್ಮವಾಗಿರುತ್ತದೆ. ಬಂದ ಉಷ್ಣವು ಬಂದ ಗಳಿಗೆಯಿಂದಲೇ ಸುತ್ತಲಿನ ಗಾಳಿಗೆ ಸೋರಿಹೋಗತೊಡಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಿರಣದ ಮೂಲಕ್ಕೂ ಉಪಕರಣಕ್ಕೂ ನಡುವೆ ಇರುವ ಗಾಜು, ಗಾಳಿ, ನೀರಾವಿ ಮೊದಲಾದುವು ನಮಗೆ ತಿಳಿಯದಂತೆ ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ. ಈ ಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನು ದಾರಿ ತಪ್ಪಿಸಿದ್ದು ಬಹುತೇಕ ಈ ಮಧ್ಯವರ್ತಿಗಳೇ. ಅವುಗಳ ಮೋಸವನ್ನು ಪತ್ತೆಹಚ್ಚಿದಾಗಲೆಲ್ಲ ವಿಜ್ಞಾನಕ್ಕೆ ಅನಿರೀಕ್ಷಿತವಾದ ಲಾಭವಾದದ್ದೂ ಅಷ್ಟೇ ನಿಜ.

ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದು ಲೋಕಪ್ರಸಿದ್ಧನಾಗಿದ್ದ ವಿಲಿಯಂ ಹರ್ಷಲ್, 1800ರಲ್ಲಿ ಇಂಗ್ಲೆಂಡಿನ ಸ್ಲೌ ಎಂಬ ಊರಿನ ತನ್ನ ಮನೆಯಲ್ಲಿ ಸೂರ್ಯನನ್ನು ದೂರದರ್ಶಕದ ಮೂಲಕ ನೋಡುವುದಕ್ಕೆ ತಕ್ಕ ಬಣ್ಣದ ಗಾಜುಗಳನ್ನು ಆರಿಸುತ್ತಿದ್ದನು. ಕೆಲವು ಗಾಜುಗಳ ಮೂಲಕ ಬೆಳಕು ಸ್ವಲ್ಪವೇ ಬಂದರೂ ಕಣ್ಣಿಗೆ ಬಿಸಿ ತಟ್ಟುತ್ತಿತ್ತು. ಮತ್ತೆ ಕೆಲವುದರಲ್ಲಿ ಬೆಳಕು ಹೇರಳವಾಗಿದ್ದರೂ ಬಿಸಿಯಿರಲಿಲ್ಲ. ಬೆಳಕೂ ಬಿಸಿಯೂ ಒಂದೇ ಪ್ರಮಾಣದಲ್ಲಿ ಬಣ್ಣಗಳಿಗೆ ಹಂಚಿಕೆಯಾಗಿಲ್ಲವೆಂಬ ಶಂಕೆ ಅವನಿಗೆ ಹುಟ್ಟಿತು. ಪಟ್ಟಕದ ಮೂಲಕ ಬಿಸಿಲನ್ನು ಹಾಯಿಸಿ, ಮೇಜಿನ ಮೇಲೆ ಬಿದ್ದ ವರ್ಣಪಟಲದ ಒಂದೊಂದು ಬಣ್ಣದಲ್ಲಿಯೂ, ಗುಂಡಿಗೆ ಕಪ್ಪು ಬಳಿದ ಒಂದು ಉಷ್ಣಮಾಪಕವನ್ನು ಇಟ್ಟನು. ಕೋಣೆಯ ತಾಪವೇ ಬದಲಾದರೆ ಮೋಸಹೋಗಬಾರದೆಂದು ಅದರ ಪಕ್ಕದಲ್ಲಿ, ಬಣ್ಣದ ಪಟ್ಟಿಯಿಂದ ಹೊರಗೆ, ಇನ್ನೆರಡು ಉಷ್ಣಮಾಪಕಗಳನ್ನು ಸಾಕ್ಷಿಗಳಾಗಿ ನಿಲ್ಲಿಸಿದನು. ನೇರಳೆಯಲ್ಲಿ ಪಾದರಸವು 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸುರಿನಲ್ಲಿ 3¼, ಕೆಂಪಿನಲ್ಲಿ 6⅞. ಇಷ್ಟಕ್ಕೆ ನಿಲ್ಲದೆ ಅವನು ಉಷ್ಣಮಾಪಕವನ್ನು ಕೆಂಪಿನ ಅಂಚನ್ನು ದಾಟಿಸಿ, ಕಣ್ಣಿಗೆ ಏನೊಂದೂ ಕಾಣದ ಕತ್ತಲೆಯ ಜಾಗದಲ್ಲಿ ಇಟ್ಟು ನೋಡಿದನು. ಅಲ್ಲಿ ಪಾದರಸ ಇನ್ನೂ ಮೇಲಕ್ಕೇರಿತು. ಸೂರ್ಯನಿಂದ ಬರುವ ಅಗೋಚರವಾದ ಕಿರಣಗಳು, ನಾವು ಈಗ ಅವಕೆಂಪು ಎನ್ನುವವು, ಮನುಷ್ಯನ ಅರಿವಿಗೆ ಬಂದದ್ದು ಹೀಗೆ.

ಈ ಪ್ರಯೋಗದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಆ ಎರಡು ಸಾಕ್ಷಿ ಉಷ್ಣಮಾಪಕಗಳು. ಮುಂದಿನ ನೂರು ವರ್ಷಗಳಲ್ಲಿ ರಚಿತವಾದ ಎಷ್ಟೋ ನಾಜೂಕಾದ ಯಂತ್ರಗಳಲ್ಲಿ, ಬಿಸಿಲಿಗೊಡ್ಡಿದ ಅಂಗದ ಪಕ್ಕದಲ್ಲಿಯೇ ನೆರಳಿನಲ್ಲಿಟ್ಟ ಅಂಥದೇ ಮತ್ತೊಂದು ಅಂಗವನ್ನು ನಾವು ಕಾಣುತ್ತೇವೆ. ಎರಡರ ವ್ಯತ್ಯಾಸವನ್ನು ಮಾತ್ರ ನಂಬು ಎಂಬ ಆ ವಿವೇಕದ ಮೂಲ ಹರ್ಷಲನ ಮೇಜಿನ ಮೇಲಿತ್ತು. ಹಾಗಿದ್ದರೂ ಪಟ್ಟಕವೆಂಬ ಮಧ್ಯವರ್ತಿ ಅವನನ್ನು ಒಂದು ವಿಷಯದಲ್ಲಿ ವಂಚಿಸದೆ ಬಿಡಲಿಲ್ಲ. ಗಾಜಿನ ಪಟ್ಟಕವು ನೇರಳೆಯ ಕಡೆಯ ಕಿರಣಗಳನ್ನು ಅಗಲವಾಗಿ ಹರಡಿ, ಕೆಂಪಿನ ಕಡೆಯವನ್ನು ಒತ್ತೊತ್ತಾಗಿ ಕೂಡಿಸಿಬಿಡುತ್ತದೆ. ಆದುದರಿಂದ ಕೆಂಪಿನಾಚೆ ಉಷ್ಣಮಾಪಕದ ಒಂದೇ ಗುಂಡಿನ ಮೇಲೆ ಬಹು ವಿಸ್ತಾರವಾದ ಕಿರಣಸಮೂಹವೇ ಬಿದ್ದಿತ್ತು. ಸೂರ್ಯನ ಶಕ್ತಿಯ ಶಿಖರವು ಕೆಂಪಿನಾಚೆ ಇದೆಯೆಂದು ಹಲವು ಕಾಲ ಜನ ನಂಬಿದ್ದಕ್ಕೆ ಇದೇ ಕಾರಣ. ಒತ್ತೊತ್ತಾಗಿ ಗೆರೆ ಕೊರೆದ ಗ್ರೇಟಿಂಗ್ ಫಲಕದಿಂದ ವರ್ಣಪಟಲವನ್ನು ಸಮನಾಗಿ ಹರಡಿ ಅಳೆದು, ಶಿಖರವು ಕಣ್ಣಿಗೆ ಕಾಣುವ ಭಾಗದಲ್ಲಿಯೇ ಇದೆಯೆಂದು ತೋರಿಸಲು 1880ರ ದಶಕದವರೆಗೆ, ಮುಂದೆ ಹೇಳಲಿರುವ ಲ್ಯಾಂಗ್ಲಿಯವರೆಗೆ, ಕಾಯಬೇಕಾಯಿತು.

ಪಾದರಸದ ಉಷ್ಣಮಾಪಕ ನಿಧಾನಿ. ಅದರ ಗುಂಡನ್ನು ಕಾಯಿಸುವುದಕ್ಕೇ ಕಿರಣದ ಶಕ್ತಿ ವ್ಯಯವಾಗಿಬಿಡುತ್ತದೆ. ಇದಕ್ಕೆ ಪರಿಹಾರ ಬಂದದ್ದು ವಿದ್ಯುಚ್ಛಾಸ್ತ್ರದಿಂದ. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಎರಡೂ ತುದಿಗಳಲ್ಲಿ ಬೆಸೆದು, ಒಂದು ಬೆಸುಗೆಯನ್ನು ಕಾಯಿಸಿದರೆ ಆ ವಲಯದಲ್ಲಿ ವಿದ್ಯುತ್ತು ಹರಿಯುತ್ತದೆಂಬ ಸಂಗತಿಯನ್ನು ಸೀಬೆಕ್ 1821ರಲ್ಲಿ ಕಂಡಿದ್ದನು. ಇಟಲಿಯ ನೋಬಿಲಿ ಮತ್ತು ಮೆಲೋನಿ ಎಂಬವರು ಬಿಸ್ಮತ್ ಮತ್ತು ಆಂಟಿಮನಿಗಳ ಅನೇಕ ಸಣ್ಣ ಸರಳುಗಳನ್ನು ಒಂದರ ಮುಂದೊಂದು ಬೆಸೆದು, ಬೆಸುಗೆಗಳೆಲ್ಲ ಒಂದು ಕಡೆಗೆ ಒಂದು ಗುಂಪು, ಇನ್ನೊಂದು ಕಡೆಗೆ ಇನ್ನೊಂದು ಗುಂಪು ಆಗುವಂತೆ ಜೋಡಿಸಿ, ಒಂದು ಮುಖಕ್ಕೆ ಕಾಡಿಗೆ ಹಿಡಿಸಿದರು. ಇದೇ ಥರ್ಮೋಪೈಲ್. ಒಂದು ಬೆಸುಗೆಯ ಅತ್ಯಲ್ಪ ವಿದ್ಯುತ್ತು ಹತ್ತಾರು ಬೆಸುಗೆಗಳಲ್ಲಿ ಕೂಡಿಕೊಂಡು ವಿದ್ಯುತ್ತನ್ನು ತೋರಿಸುವ ಗಾಲ್ವನಾಮೀಟರಿನ ಮುಳ್ಳನ್ನು ಅಲುಗಿಸುವಷ್ಟಾಗುತ್ತದೆ. ಕಲ್ಲುಪ್ಪಿನ ಹರಳು ಅವಕೆಂಪು ಕಿರಣಗಳಿಗೆ ಪಾರದರ್ಶಕವಾಗಿದೆಯೆಂದು ಕಂಡುಕೊಂಡು, ಗಾಜು ನುಂಗಿಬಿಡುತ್ತಿದ್ದ ಕಿರಣಗಳನ್ನು ಆ ಹರಳಿನ ಮಸೂರ ಪಟ್ಟಕಗಳಿಂದ ಪರೀಕ್ಷೆಗೆ ಒಳಪಡಿಸಿದವನು ಮೆಲೋನಿ. ವೆಸೂವಿಯಸ್ ಬೆಟ್ಟದ ಮೇಲೆ 1846ರಲ್ಲಿ ಒಂದು ಮೀಟರ್ ಅಗಲದ ಮಸೂರದಿಂದ ಬೆಳದಿಂಗಳನ್ನು ತನ್ನ ಥರ್ಮೋಪೈಲಿನ ಮೇಲೆ ಕೇಂದ್ರೀಕರಿಸಿ, ಚಂದ್ರನಿಂದಲೂ ಭೂಮಿಗೆ ಉಷ್ಣ ಬರುತ್ತದೆಂದು ಮೊದಲು ತೋರಿಸಿದವನೂ ಅವನೇ. ತಂಪಿಗೆ ಪರ್ಯಾಯವೆಂದು ಕವಿಗಳು ಕೊಂಡಾಡಿದ ಬೆಳದಿಂಗಳಲ್ಲಿಯೂ ಬಿಸಿಯುಂಟು. ಪ್ರಮಾಣ ಅತ್ಯಲ್ಪ, ಅಷ್ಟೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ 1859ರಲ್ಲಿ ಇದೇ ಥರ್ಮೋಪೈಲನ್ನು ಮತ್ತೊಂದು ಉದ್ದೇಶಕ್ಕೆ ತಿರುಗಿಸಿದನು. ಎರಡು ತುದಿಗಳಿಗೂ ಕಲ್ಲುಪ್ಪಿನ ಫಲಕಗಳನ್ನು ಬಿಗಿದ ಉದ್ದವಾದ ಕೊಳವೆಯೊಂದರಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಒಂದು ತುದಿಯಲ್ಲಿ ಕುದಿಯುವ ನೀರಿನ ಪಾತ್ರೆಯನ್ನೂ ಇನ್ನೊಂದು ತುದಿಯಲ್ಲಿ ಥರ್ಮೋಪೈಲನ್ನೂ ಇಟ್ಟು, ಯಾವ ಅನಿಲವು ಎಷ್ಟು ಉಷ್ಣಕಿರಣವನ್ನು ತಡೆಯುತ್ತದೆಂದು ಅಳೆದನು. ಗಾಳಿಯ ಬಹುಭಾಗವಾದ ನೈಟ್ರೋಜನ್ನೂ ಆಕ್ಸಿಜನ್ನೂ ತಡೆಯೊಡ್ಡಲಿಲ್ಲವೆನ್ನಬಹುದು. ಗಾಳಿಯಲ್ಲಿ ಅತ್ಯಲ್ಪವಾಗಿರುವ ನೀರಾವಿಯೂ ಕಾರ್ಬನ್ ಡೈ ಆಕ್ಸೈಡೂ ಬಲವಾಗಿ ತಡೆದವು. ನೆಲದಿಂದ ಆಕಾಶಕ್ಕೆ ಮರಳುವ ಉಷ್ಣವನ್ನು ವಾಯುಮಂಡಲವು ಹಿಡಿದಿಟ್ಟುಕೊಂಡು ಭೂಮಿಯನ್ನು ವಾಸಯೋಗ್ಯವಾಗಿಸಿದೆ ಎಂಬ ತಿಳಿವಳಿಕೆಗೆ ಅಂಕೆಗಳ ಆಧಾರ ಸಿಕ್ಕಿದ್ದು ಇಲ್ಲಿಂದಲೇ.

ಇನ್ನು ಸೂರ್ಯನು ಭೂಮಿಗೆ ಎಷ್ಟು ಶಕ್ತಿಯನ್ನು ಕೊಡುತ್ತಿದ್ದಾನೆಂಬ ಮೂಲಪ್ರಶ್ನೆಗೆ ಬರೋಣ. ಇದಕ್ಕೆ ತಕ್ಕ ಉಪಕರಣವನ್ನು ರಚಿಸಿದವನು ಪ್ಯಾರಿಸ್ಸಿನ ಕ್ಲೋಡ್ ಪುಯೆ. ಅವನು 1838ರಲ್ಲಿ ವರ್ಣಿಸಿದ ಪೈರ್‌ಹೀಲಿಯೋಮೀಟರಿನ ರಚನೆ ಇಂತಿದೆ: ತೆಳುವಾದ ಬೆಳ್ಳಿಯ ತಗಡಿನಿಂದ ಮಾಡಿದ, ಆಳ ಕಡಮೆಯಾದ ದುಂಡನೆಯ ಮುಚ್ಚಿದ ಪಾತ್ರೆ, ಅದರ ಮೇಲುಮುಖಕ್ಕೆ ದೀಪದ ಕಾಡಿಗೆ, ಒಳಗೆ ತೂಕ ಮಾಡಿ ತುಂಬಿದ ನೀರು, ನೀರಿನಲ್ಲಿ ಮುಳುಗಿದ ಗುಂಡುಳ್ಳ ಒಂದು ಉಷ್ಣಮಾಪಕ, ಅದರ ಕಾಂಡವು ಪಾತ್ರೆಯ ಬೆನ್ನಿನಿಂದ ಕೆಳಕ್ಕೆ ಇಳಿದಿದೆ, ಕಾಂಡದ ಕೆಳತುದಿಯಲ್ಲಿ ಪಾತ್ರೆಯಷ್ಟೇ ಅಗಲದ ಇನ್ನೊಂದು ತಟ್ಟೆ. ಪಾತ್ರೆಯ ನೆರಳು ಈ ಕೆಳತಟ್ಟೆಯನ್ನು ಸರಿಯಾಗಿ ಮುಚ್ಚಿತೆಂದರೆ ಕಪ್ಪು ಮುಖವು ಸೂರ್ಯನಿಗೆ ನೇರವಾಗಿ ತಿರುಗಿದೆಯೆಂದು ಅರ್ಥ. ಪುಯೆ ಮೊದಲು ಐದು ನಿಮಿಷ ಉಪಕರಣವನ್ನು ನೆರಳಿನಲ್ಲಿಟ್ಟು ತಾಪದ ಇಳಿತವನ್ನು ಗುರುತಿಸುವನು. ಆಮೇಲೆ ಐದು ನಿಮಿಷ ಬಿಸಿಲಿಗೊಡ್ಡಿ, ನೀರನ್ನು ಕಲಕುವುದಕ್ಕಾಗಿ ಪಾತ್ರೆಯನ್ನು ಎಡೆಬಿಡದೆ ತಿರುಗಿಸುತ್ತ, ಏರಿಕೆಯನ್ನು ಗುರುತಿಸುವನು. ಪುನಃ ಐದು ನಿಮಿಷ ನೆರಳು. ಹಿಂದಿನ ಮುಂದಿನ ಇಳಿತಗಳ ಸರಾಸರಿಯನ್ನು ನಡುವಣ ಏರಿಕೆಗೆ ಕೂಡಿಸಿದರೆ, ಸೋರಿಹೋದ ಉಷ್ಣವೂ ಲೆಕ್ಕಕ್ಕೆ ಬಂದಂತಾಯಿತು. ಬೇಕಾದುದು ಒಂದು ಪಾತ್ರೆ, ಒಂದು ಗಡಿಯಾರ, ಒಂದು ಉಷ್ಣಮಾಪಕ ಮತ್ತು ಅಪಾರವಾದ ತಾಳ್ಮೆ.

ಆದರೆ ಹೀಗೆ ಅಳೆದದ್ದು ವಾಯುಮಂಡಲದ ತಳದಲ್ಲಿ ಉಳಿದು ಬಂದ ಬಿಸಿಲನ್ನು. ಗಾಳಿಯ ಹೊರಗೆ ಎಷ್ಟಿದ್ದೀತು? ಪುಯೆ ಬೆಳಗ್ಗೆಯಿಂದ ಸಂಜೆಯವರೆಗೆ ಬೇರೆ ಬೇರೆ ಹೊತ್ತುಗಳಲ್ಲಿ ಅಳೆದನು. ಸೂರ್ಯನು ಕೆಳಗಿದ್ದಾಗ ಕಿರಣವು ಹಾದುಬರುವ ಗಾಳಿಯ ದಾರಿ ಉದ್ದ, ನೆತ್ತಿಯಲ್ಲಿದ್ದಾಗ ಗಿಡ್ಡ. ದಾರಿ ಗಿಡ್ಡವಾದಷ್ಟೂ ಬಿಸಿಲು ಎಷ್ಟು ಹೆಚ್ಚುತ್ತದೆಂಬ ನಿಯಮವನ್ನು ಕಂಡುಕೊಂಡು, ದಾರಿಯ ಉದ್ದವೇ ಸೊನ್ನೆಯಾದರೆ ಎಷ್ಟಾಗಬಹುದೆಂದು ಗಣಿಸಿದನು. ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ನಿಮಿಷಕ್ಕೆ 1.76 ಕ್ಯಾಲೊರಿ ಎಂಬ ಉತ್ತರ ಬಂತು. ಇಂದಿನ ಮಾನದಲ್ಲಿ ಹೇಳುವುದಾದರೆ ಒಂದು ಚದರ ಮೀಟರಿಗೆ ಸುಮಾರು 1,230 ವಾಟ್. ಈಗ ನಾವು ನಿಜವೆಂದು ತಿಳಿದಿರುವ ಬೆಲೆಗಿಂತ ಇದು ನೂರಕ್ಕೆ ಹತ್ತರಷ್ಟು ಮಾತ್ರ ಕಡಮೆ! ಒಂದು ಪಾತ್ರೆ ನೀರಿನಿಂದ ಸೂರ್ಯನ ಕೊಡುಗೆಯನ್ನು ಇಷ್ಟು ಸಮೀಪವಾಗಿ ಅಳೆದ ಪುಯೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪೂರ್ವವಾಗಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪುಯೆಯ ಗಣನೆಯಲ್ಲಿ ದೋಷವಿದೆಯೆಂದು ಸರಿಯಾಗಿಯೇ ಎತ್ತಿತೋರಿಸಿದವನು ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ. ಗಾಳಿಯು ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ತಡೆಯುವುದಿಲ್ಲ. ಆದಕಾರಣ ಇಡೀ ಬಿಸಿಲಿಗೆ ಒಂದೇ ನಿಯಮವನ್ನು ಹಚ್ಚಬಾರದು, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಅಳೆದು ಕೊನೆಗೆ ಕೂಡಬೇಕು ಎಂದು ಅವನ ವಾದ. ಆದರೆ ಬಣ್ಣಬಣ್ಣವಾಗಿ ಸೀಳಿದ ಬಿಸಿಲಿನ ಒಂದೊಂದು ಎಳೆಯ ಶಕ್ತಿಯನ್ನು ಅಳೆಯಲು ಥರ್ಮೋಪೈಲಿನ ಸೂಕ್ಷ್ಮತೆಯೂ ಸಾಲದಾಯಿತು. ಪಿಟ್ಸ್‌ಬರ್ಗ್ ಸಮೀಪದ ಅಲಿಗೇನಿ ವೀಕ್ಷಣಾಲಯದಲ್ಲಿ ಅವನು 1880ರ ಹೊತ್ತಿಗೆ ರೂಪಿಸಿದ ಬೊಲೋಮೀಟರ್ ಈ ಕೊರತೆಯನ್ನು ನೀಗಿತು. ಲೋಹವು ಬಿಸಿಯಾದರೆ ವಿದ್ಯುತ್ತಿಗೆ ಅದು ಒಡ್ಡುವ ರೋಧ ಹೆಚ್ಚುತ್ತದೆ. ಈ ಒಂದು ಸಂಗತಿಯ ಮೇಲೆ ಉಪಕರಣವೆಲ್ಲ ನಿಂತಿದೆ. ಅತ್ಯಂತ ತೆಳುವಾದ, ಕಿರಿದಾದ ಎರಡು ಪ್ಲಾಟಿನಂ ಪಟ್ಟಿಗಳು, ಎರಡಕ್ಕೂ ಕಾಡಿಗೆ, ಒಂದು ಕಿರಣಕ್ಕೆ ಒಡ್ಡಿದ್ದು, ಒಂದು ಮರೆಯಲ್ಲಿದ್ದು. ಅಕ್ಕಸಾಲಿಗನ ತಕ್ಕಡಿಯಲ್ಲಿ ಎರಡು ತಟ್ಟೆಗಳು ಸಮನಾಗಿ ನಿಂತಂತೆ, ಎರಡು ಪಟ್ಟಿಗಳ ರೋಧವನ್ನೂ ವೀಟ್‌ಸ್ಟನ್ ಸೇತುವೆಯೆಂಬ ವಿದ್ಯುನ್ಮಂಡಲದಲ್ಲಿ ಸರಿದೂಗಿಸಿಟ್ಟಾಗ ಗಾಲ್ವನಾಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುವುದು. ಒಡ್ಡಿದ ಪಟ್ಟಿಯ ಮೇಲೆ ಕಿರಣದ ಲೇಶ ಬಿದ್ದರೂ ಸಮತೋಲ ಕೆಟ್ಟು ಮುಳ್ಳು ಸರಿಯುವುದು. ಒಂದು ಡಿಗ್ರಿಯ ಲಕ್ಷದಲ್ಲೊಂದು ಪಾಲಿನಷ್ಟು ತಾಪವ್ಯತ್ಯಾಸವನ್ನು ಇದರಿಂದ ಗುರುತಿಸಬಹುದಾಗಿತ್ತು. ಪಟ್ಟಿ ಕಿರಿದಾದುದರಿಂದ ವರ್ಣಪಟಲದ ಒಂದು ಗೆರೆಯಷ್ಟು ಜಾಗವನ್ನು ಮಾತ್ರ ಅದು ಆವರಿಸುವುದು. ತೆಳುವಾದುದರಿಂದ ಕ್ಷಣಮಾತ್ರದಲ್ಲಿ ಕಾದು ಕ್ಷಣಮಾತ್ರದಲ್ಲಿ ಆರುವುದು.

ಈ ಉಪಕರಣವನ್ನು ಹೊತ್ತು ಲ್ಯಾಂಗ್ಲಿ 1881ರ ಬೇಸಗೆಯಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಟ್ನಿ ಶಿಖರಕ್ಕೆ ಹೊರಟನು. ಸಮುದ್ರಮಟ್ಟದಿಂದ 4,400 ಮೀಟರಿಗೂ ಎತ್ತರವಾದ ಆ ಬೆಟ್ಟದ ಬುಡದಲ್ಲಿ ಬಿರುಬಿಸಿಲಿನ ಮರುಭೂಮಿ. ಬುಡದಲ್ಲೊಂದು, ಮೇಲೊಂದು ಬಿಡಾರದಲ್ಲಿ ಅಳೆದರೆ, ನಡುವಣ ಗಾಳಿ ನುಂಗಿದ್ದೆಷ್ಟೆಂಬುದು ನೇರವಾಗಿಯೇ ತಿಳಿಯುತ್ತದೆಂಬುದು ಅವನ ಯೋಜನೆ. ಸಾಹಸ ಮಹತ್ತರವಾದುದು, ಅಳತೆಗಳೂ ಉತ್ತಮವಾಗಿಯೇ ಇದ್ದವು. ಆದರೆ ಅವುಗಳಿಂದ ಗಾಳಿಯ ಹೊರಗಣ ಬೆಲೆಯನ್ನು ತೆಗೆಯುವ ಗಣನೆಯಲ್ಲಿ, ಗಾಳಿಯ ತಡೆಯನ್ನು ಇರುವುದಕ್ಕಿಂತ ಹೆಚ್ಚಾಗಿ ಎಣಿಸಿ, ಅವನು 3.07 ಕ್ಯಾಲೊರಿ ಎಂಬ ನಿರ್ಣಯಕ್ಕೆ ಬಂದನು. ನಿಜದ ಬೆಲೆಗಿಂತ ಒಂದೂವರೆ ಪಟ್ಟು! ಜಗತ್ತಿನ ಅತಿ ಸೂಕ್ಷ್ಮವಾದ ಉಪಕರಣವುಳ್ಳವನು, ಪಾತ್ರೆಯಲ್ಲಿ ನೀರು ತುಂಬಿ ಅಳೆದವನಿಗಿಂತ ಹೆಚ್ಚು ದೂರ ತಪ್ಪಿದನು. ಅವನ ಗೌರವದಿಂದಾಗಿ ಆ ತಪ್ಪು ಬೆಲೆ ಹಲವು ವರ್ಷ ಗ್ರಂಥಗಳಲ್ಲಿ ಉಳಿಯಿತು. ಅವನ ಶಿಷ್ಯಸ್ಥಾನದಲ್ಲಿದ್ದ ಚಾರ್ಲ್ಸ್ ಆ್ಯಬಟ್ ಮುಂದೆ ಅದೇ ಅಂಕೆಗಳನ್ನು ಸರಿಯಾದ ರೀತಿಯಲ್ಲಿ ಗಣಿಸಿದಾಗ ಉತ್ತರ 2ರ ಸಮೀಪಕ್ಕೆ ಬಂತು. ಆ್ಯಬಟ್ ತನ್ನ ದೀರ್ಘಾಯುಷ್ಯವನ್ನೆಲ್ಲ ಈ ಒಂದು ಅಂಕೆಗೆ ಮೀಸಲಿಟ್ಟವನು. ಚಿಲಿಯ ಮರುಭೂಮಿಯ ಬೆಟ್ಟಗಳಲ್ಲಿ ಕೂಡ ಠಾಣ್ಯಗಳನ್ನು ಹೂಡಿ, ದಿನದಿನವೂ ಅಳೆಯಿಸಿ, 1.94ರ ಆಸುಪಾಸಿಗೆ ಅದನ್ನು ತಂದು ನಿಲ್ಲಿಸಿದನು.

ಲ್ಯಾಂಗ್ಲಿಯ ಬೊಲೋಮೀಟರು ಸೂರ್ಯನ ವಿಷಯದಲ್ಲಿ ಕೊಡದ ಫಲವನ್ನು ಚಂದ್ರನ ವಿಷಯದಲ್ಲಿ ಕೊಟ್ಟಿತು. ಚಂದ್ರನು ಮೇಲಿದ್ದಾಗಲೂ ಕೆಳಗಿದ್ದಾಗಲೂ, ಗಾಳಿ ಒಣಗಿದ್ದಾಗಲೂ ತೇವವಾಗಿದ್ದಾಗಲೂ, ಅವನ ಅವಕೆಂಪು ಕಿರಣಗಳು ನೆಲಕ್ಕೆ ಎಷ್ಟೆಷ್ಟು ಮುಟ್ಟುತ್ತವೆಂಬುದನ್ನು ಲ್ಯಾಂಗ್ಲಿ ಅಳೆದಿಟ್ಟಿದ್ದನು. ಅವನಿಗೆ ಬೇಕಾಗಿದ್ದುದು ಚಂದ್ರನ ತಾಪ. ಸ್ವೀಡನ್ನಿನ ಅರೀನಿಯಸ್ ಈ ಕೋಷ್ಟಕಗಳನ್ನು ಕಂಡು, ಇವುಗಳಲ್ಲಿ ಚಂದ್ರನಿಗಿಂತ ಹೆಚ್ಚಾಗಿ ನಮ್ಮ ಗಾಳಿಯ ಚರಿತ್ರೆಯೇ ಬರೆದಿದೆಯೆಂದು ಗ್ರಹಿಸಿದನು. ಅವುಗಳಿಂದ ನೀರಾವಿ ಮತ್ತು ಕಾರ್ಬನ್ ಡೈ ಆಕ್ಸೈಡ್ ತಡೆಯುವ ಉಷ್ಣದ ಪ್ರಮಾಣವನ್ನು ಹೆಕ್ಕಿತೆಗೆದು, ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ತಾಪ ಐದಾರು ಡಿಗ್ರಿ ಸೆಲ್ಸಿಯಸ್ ಏರಬಹುದೆಂದು 1896ರಲ್ಲಿ ಪ್ರಕಟಿಸಿದನು. ಇಂದು ರಾಷ್ಟ್ರರಾಷ್ಟ್ರಗಳ ಸಭೆಗಳಲ್ಲಿ ಚರ್ಚೆಯಾಗುತ್ತಿರುವ ಹವಾಮಾನದ ಪ್ರಶ್ನೆಗೆ ಮೊದಲ ಅಂಕೆಯನ್ನು ಒದಗಿಸಿದುದು, ಬೆಳದಿಂಗಳಿಗೆ ಒಡ್ಡಿದ ಆ ಪ್ಲಾಟಿನಂ ಪಟ್ಟಿ.

ಅಂಗಡಿಯ ಗಾಜಿನ ಕಪಾಟುಗಳಲ್ಲಿಯೂ ಕಾಲೇಜಿನ ಪ್ರಯೋಗಶಾಲೆಗಳಲ್ಲಿಯೂ ಬಿಸಿಲು ಬಿದ್ದೊಡನೆ ಗಿರಗಿರನೆ ತಿರುಗುವ ಒಂದು ಬುರುಡೆಯನ್ನು ಹಲವರು ಕಂಡಿರಬಹುದು. ಅದು 1870ರ ದಶಕದಲ್ಲಿ ವಿಲಿಯಂ ಕ್ರೂಕ್ಸ್ ರಚಿಸಿದ ರೇಡಿಯೋಮೀಟರ್. ಗಾಳಿ ತೆಗೆದ ಬುರುಡೆಯೊಳಗೆ ಸೂಜಿಯ ಮೊನೆಯ ಮೇಲೆ ನಾಲ್ಕು ಹಗುರಾದ ರೆಕ್ಕೆಗಳು. ಪ್ರತಿಯೊಂದಕ್ಕೂ ಒಂದು ಮುಖ ಕಪ್ಪು, ಒಂದು ಮುಖ ಬಿಳಿ. ಬೆಳಕಿನ ಒತ್ತಡವೇ ಇವನ್ನು ತಳ್ಳುತ್ತದೆಂದು ಕ್ರೂಕ್ಸ್ ಮೊದಲು ನಂಬಿದನು. ಹಾಗಿದ್ದರೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿಯ ಮುಖಕ್ಕೆ ಹೆಚ್ಚು ಒತ್ತಡ ಬೀಳಬೇಕು. ರೆಕ್ಕೆ ತಿರುಗುವುದು ಮಾತ್ರ ಕಪ್ಪು ಮುಖವನ್ನು ತಳ್ಳಿದಂತೆ. ಬುರುಡೆಯಲ್ಲಿ ಉಳಿದುಕೊಂಡಿದ್ದ ಲೇಶಮಾತ್ರದ ಗಾಳಿಯೇ ಇದಕ್ಕೆ ಕಾರಣವೆಂದು ರೆನಾಲ್ಡ್ಸ್ ಮತ್ತು ಮ್ಯಾಕ್ಸ್‌ವೆಲ್ ವಿವರಿಸಿದರು. ಬೆಳಕಿನ ನಿಜವಾದ ಒತ್ತಡವು ಎಷ್ಟು ಅಲ್ಪವೆಂದರೆ, ಒಂದು ಚದರ ಮೀಟರ್ ಕಪ್ಪು ಹಲಗೆಯ ಮೇಲೆ ಸೂರ್ಯಕಿರಣವು ಅರ್ಧ ಮಿಲಿಗ್ರಾಮ್ ತೂಕಕ್ಕಿಂತಲೂ ಕಡಮೆ ಒತ್ತುತ್ತದೆ. ಅದನ್ನು ಪ್ರಯೋಗದಿಂದ ಅಳೆದು ತೋರಿಸಿದ ಕೀರ್ತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಲೆಬೆಡೆವನಿಗೂ ಅಮೆರಿಕದ ನಿಕಲ್ಸ್ ಮತ್ತು ಹಲ್ ಎಂಬವರಿಗೂ ಸಂದಿತು.

ಸ್ವೀಡನ್ನಿನ ಕ್ನೂಟ್ ಆಂಗ್‌ಸ್ಟ್ರಮ್ 1893ರಲ್ಲಿ ಸೂಚಿಸಿದ ಉಪಾಯವು, ನನ್ನ ದೃಷ್ಟಿಯಲ್ಲಿ, ಈ ಎಲ್ಲ ರಚನೆಗಳಿಗೂ ಶಿಖರಪ್ರಾಯವಾದುದು. ಕಪ್ಪು ಬಳಿದ ಒಂದೇ ತೆರನ ಎರಡು ಲೋಹದ ಪಟ್ಟಿಗಳು. ಒಂದನ್ನು ಬಿಸಿಲಿಗೆ ಒಡ್ಡಿ, ನೆರಳಿನಲ್ಲಿರುವ ಇನ್ನೊಂದರೊಳಗೆ ವಿದ್ಯುತ್ತನ್ನು ಹರಿಸಿ ಕಾಯಿಸುವುದು. ಎರಡರ ತಾಪವೂ ಸಮನಾಗುವವರೆಗೆ ವಿದ್ಯುತ್ತನ್ನು ಹೆಚ್ಚು ಕಡಮೆ ಮಾಡುವುದು. ಸಮನಾದಾಗ, ಬಿಸಿಲು ಒಂದು ಪಟ್ಟಿಗೆ ಕೊಡುತ್ತಿರುವ ಶಕ್ತಿಯೂ ವಿದ್ಯುತ್ತು ಇನ್ನೊಂದಕ್ಕೆ ಕೊಡುತ್ತಿರುವ ಶಕ್ತಿಯೂ ಸಮ. ಉಷ್ಣ ಎಷ್ಟು ಸೋರಿತು, ಪಟ್ಟಿಯ ತೂಕವೆಷ್ಟು, ತಾಪ ಎಷ್ಟು ಡಿಗ್ರಿ ಏರಿತು ಎಂಬ ಪ್ರಶ್ನೆಗಳೇ ಇಲ್ಲ. ಸೋರಿಕೆ ಎರಡಕ್ಕೂ ಸಮಾನ. ವಿದ್ಯುತ್ತಿನ ಶಕ್ತಿಯನ್ನಂತೂ ಎಷ್ಟು ಬೇಕಾದರೂ ನಿಷ್ಕೃಷ್ಟವಾಗಿ ಅಳೆಯಬಹುದು. ಬಿಸಿಲನ್ನು ಅಳೆಯುವ ಕಷ್ಟವನ್ನು ವಿದ್ಯುತ್ತನ್ನು ಅಳೆಯುವ ಸುಲಭಕ್ಕೆ ವರ್ಗಾಯಿಸಿದ ಈ ಯುಕ್ತಿ ಇಂದಿಗೂ ಬಳಕೆಯಲ್ಲಿದೆ.

ಇದೇ ಕಾಲದಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಪ್ರಮಾಣಶಾಲೆಯಲ್ಲಿ ಲುಮ್ಮರ್, ಪ್ರಿಂಗ್ಸ್‌ಹೈಮ್, ಕುರ್ಲ್‌ಬೌಮ್, ರೂಬೆನ್ಸ್ ಮೊದಲಾದವರು ಬೊಲೋಮೀಟರನ್ನು ಕುಲುಮೆಯ ಕಡೆಗೆ ತಿರುಗಿಸಿದ್ದರು. ದೀಪಗಳ ಬೆಳಕಿಗೆ ಒಂದು ಖಚಿತವಾದ ಮಾನವನ್ನು ಗೊತ್ತುಪಡಿಸಬೇಕೆಂಬ ತೀರ ಲೌಕಿಕವಾದ ಅಗತ್ಯವೂ ಈ ಕಾರ್ಯದ ಹಿಂದಿತ್ತು. ಸಣ್ಣ ಕಂಡಿಯುಳ್ಳ ಟೊಳ್ಳಾದ ಕುಲುಮೆಯೊಂದನ್ನು ಕಾಯಿಸಿದರೆ ಆ ಕಂಡಿಯಿಂದ ಹೊರಡುವ ಕಿರಣವು ಕುಲುಮೆಯ ತಾಪವೊಂದನ್ನೇ ಅವಲಂಬಿಸುತ್ತದೆ, ಅದನ್ನು ಯಾವ ವಸ್ತುವಿನಿಂದ ಕಟ್ಟಿದೆಯೆಂಬುದನ್ನಲ್ಲ. ಆ ಕಿರಣದ ಶಕ್ತಿಯು ಅಲೆಯ ಉದ್ದಗಳಿಗೆ ಹೇಗೆ ಹಂಚಿಕೆಯಾಗಿದೆಯೆಂದು ಅಳೆಯುತ್ತ ಹೋದಾಗ, ಅವಕೆಂಪಿನ ಬಹು ಉದ್ದವಾದ ಅಲೆಗಳಲ್ಲಿ ಅಂದಿನ ಸಿದ್ಧಾಂತಕ್ಕೂ ಅಳತೆಗೂ ಹೊಂದಾಣಿಕೆ ತಪ್ಪಿತು. ರೂಬೆನ್ಸ್ 1900ರ ಅಕ್ಟೋಬರ್ 7ರಂದು, ಭಾನುವಾರ, ಮ್ಯಾಕ್ಸ್ ಪ್ಲಾಂಕನ ಮನೆಗೆ ಬಂದವನು ಈ ಹೊಸ ಅಂಕೆಗಳನ್ನು ತಿಳಿಸಿದನು. ಅಂದೇ ಸಂಜೆ ಪ್ಲಾಂಕನಿಗೆ ಅವುಗಳಿಗೆ ಒಪ್ಪುವ ಸೂತ್ರ ಹೊಳೆಯಿತು. ಆ ಸೂತ್ರಕ್ಕೆ ಅರ್ಥ ಹುಡುಕುತ್ತ ಹೋದವನು ಡಿಸೆಂಬರ್ 14ರಂದು, ಶಕ್ತಿಯ ವಿನಿಮಯವು ಬಿಡಿಬಿಡಿಯಾದ ಕಣಪ್ರಾಯ ಅಂಶಗಳಲ್ಲಿ ನಡೆಯುತ್ತದೆಂಬ ಕಲ್ಪನೆಯನ್ನು ಭೌತವಿಜ್ಞಾನಿಗಳ ಸಭೆಯ ಮುಂದಿಟ್ಟನು. ಕ್ವಾಂಟಂ ಭೌತಶಾಸ್ತ್ರದ ಜನನ ಹೀಗಾಯಿತು. ಸಿದ್ಧಾಂತಿಗಳ ಪ್ರತಿಭೆಯನ್ನು ಹೊಗಳುವಾಗ ಆ ಭಾನುವಾರ ಮನೆಗೆ ಬಂದ ಪ್ರಯೋಗಕಾರನನ್ನು ಮರೆಯಬಾರದೆಂದು ನಾನು ಒತ್ತಿ ಹೇಳಬಯಸುತ್ತೇನೆ. ಅವನ ಅಂಕೆಗಳು ಒರಟಾಗಿದ್ದಿದ್ದರೆ ಹಳೆಯ ಸೂತ್ರವೇ ಸರಿಯೆಂದು ತೋರುತ್ತಿತ್ತು.

ತಾಪವೊಂದರಿಂದಲೇ ಕಿರಣವು ನಿರ್ಧಾರವಾಗುವುದಾದರೆ, ಕಿರಣವನ್ನು ಅಳೆದು ತಾಪವನ್ನು ಹೇಳಲೂ ಬರಬೇಕಷ್ಟೆ. ಸಾಮಾನ್ಯ ಉಷ್ಣಮಾಪಕವನ್ನು ಅದ್ದಲಾಗದ ಕರಗಿದ ಉಕ್ಕಿನ ತಾಪವನ್ನು ದೂರದಿಂದಲೇ ತಿಳಿಯುವ ಪೈರೋಮೀಟರುಗಳು ಈ ಆಧಾರದ ಮೇಲೆ ಹುಟ್ಟಿದವು. ಅವುಗಳಲ್ಲೊಂದರಲ್ಲಿ ಕುಲುಮೆಯ ಹೊಳಪಿನ ಮುಂದೆ ಒಂದು ದೀಪದ ತಂತಿ ಕಾಣುವುದು. ತಂತಿಯ ವಿದ್ಯುತ್ತನ್ನು ಹೆಚ್ಚಿಸುತ್ತ ಬಂದರೆ ಒಂದು ಘಟ್ಟದಲ್ಲಿ ಅದು ಕುಲುಮೆಯ ಹೊಳಪಿನಲ್ಲಿ ಲೀನವಾಗಿ ಕಣ್ಮರೆಯಾಗುವುದು. ಆಗಿನ ವಿದ್ಯುತ್ತಿನಿಂದ ತಾಪವನ್ನು ಓದಿಕೊಳ್ಳಬಹುದು. ಸಾಂಕ್ರಾಮಿಕದ 2020ರಲ್ಲಿ ಕಚೇರಿ ಅಂಗಡಿಗಳ ಬಾಗಿಲಲ್ಲಿ ನಮ್ಮೆಲ್ಲರ ಹಣೆಗೂ ಹಿಡಿದ ಉಷ್ಣಮಾಪಕವೂ ಇದೇ ವಂಶದ್ದು. ಅದರ ಒಳಗಿದ್ದುದು ಮೆಲೋನಿಯ ಥರ್ಮೋಪೈಲಿನ ಅತಿ ಕಿರಿದಾದ ರೂಪ. ಮನುಷ್ಯನ ಮೈಯಿಂದ ಹೊರಡುವ ಉದ್ದ ಅಲೆಗಳ ಅವಕೆಂಪಿನಲ್ಲಿ ಎಲ್ಲ ಮನುಷ್ಯರ ಚರ್ಮವೂ, ಕಣ್ಣಿಗೆ ಬೆಳ್ಳಗೆ ಕಂಡರೂ ಕಪ್ಪಗೆ ಕಂಡರೂ, ಹೆಚ್ಚು ಕಡಮೆ ಕಾಡಿಗೆಯಷ್ಟೇ ಕಪ್ಪು. ಆದುದರಿಂದಲೇ ಆ ಉಪಕರಣಕ್ಕೆ ಮೈಬಣ್ಣದ ಭೇದ ತಿಳಿಯದು.

ಆಕಾಶದ ಕಡೆಗೂ ಈ ಉಪಕರಣಗಳು ತಿರುಗಿದವು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಪೆಟಿಟ್ ಮತ್ತು ನಿಕಲ್ಸನ್ ಎಂಬವರು 1927ರ ಚಂದ್ರಗ್ರಹಣದಲ್ಲಿ ಚಂದ್ರನ ನೆಲದ ತಾಪವು ಕೆಲವೇ ಗಂಟೆಗಳಲ್ಲಿ ನೂರು ಡಿಗ್ರಿಗೂ ಮೀರಿ ಕುಸಿದುದನ್ನು ಅಳೆದರು. ಉಷ್ಣವನ್ನು ಆಳಕ್ಕೆ ಬಿಡದ ಸಡಿಲವಾದ ಧೂಳು ಅಲ್ಲಿ ಹಾಸಿರಬೇಕೆಂಬ ಊಹೆಗೆ, ಮನುಷ್ಯನು ಅಲ್ಲಿ ಕಾಲಿಡುವುದಕ್ಕೆ ಎಷ್ಟೋ ಮೊದಲೇ, ಇದು ಬಲ ಕೊಟ್ಟಿತು. 2009ರ ಮೇ 14ರಂದು ಒಂದೇ ರಾಕೆಟ್ಟಿನಲ್ಲಿ ಎರಡು ಯೂರೋಪೀಯ ದೂರದರ್ಶಕಗಳು ಮೇಲೇರಿದವು. ಒಂದರ ಹೆಸರು ಹರ್ಷಲ್, ಇನ್ನೊಂದರ ಹೆಸರು ಪ್ಲಾಂಕ್. ಎರಡರಲ್ಲಿಯೂ ಬೊಲೋಮೀಟರುಗಳಿದ್ದವು. ಪ್ಲಾಂಕ್ ನೌಕೆಯಲ್ಲಿದ್ದವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲಿನಷ್ಟೇ ಮೇಲಿನ ತಾಪಕ್ಕೆ ತಣಿಸಲಾಗಿತ್ತು. ವಿಶ್ವವೆಲ್ಲವನ್ನೂ ತುಂಬಿರುವ ಪ್ರಾಚೀನ ಕಿರಣದ ಸೂಕ್ಷ್ಮವಾದ ಏರಿಳಿತಗಳ ನಕ್ಷೆಯನ್ನು ಅವು ಬರೆದವು.

ಸೂರ್ಯನ ಮೂಲಪ್ರಶ್ನೆಗೆ ಉತ್ತರ ದೊರೆತದ್ದೂ ಮಧ್ಯವರ್ತಿಯಾದ ಗಾಳಿಯನ್ನು ದಾಟಿದ ಮೇಲೆಯೇ. 1978ರಿಂದ ಈಚೆಗೆ ಉಪಗ್ರಹಗಳಲ್ಲಿ ಕುಳಿತ ಉಪಕರಣಗಳು ಎಡೆಬಿಡದೆ ಅಳೆಯುತ್ತ ಬಂದಿವೆ. ಪಟ್ಟಿಗಳ ಬದಲು ಒಳಮೈಗೆ ಕಪ್ಪು ಬಳಿದ ಕುಳಿಗಳು, ಬಿಸಿಲಿಗೆ ಸರಿದೂಗುವ ವಿದ್ಯುತ್ತು: ತತ್ತ್ವ ಆಂಗ್‌ಸ್ಟ್ರಮನದೇ. ಈಗ ಒಪ್ಪಿತವಾಗಿರುವ ಬೆಲೆ, ಭೂಮಿಯು ಸೂರ್ಯನಿಂದ ಸರಾಸರಿ ದೂರದಲ್ಲಿರುವಾಗ, ಚದರ ಮೀಟರಿಗೆ ಸುಮಾರು 1,361 ವಾಟ್. ಹನ್ನೊಂದು ವರ್ಷಗಳ ಸೂರ್ಯಕಲೆಗಳ ಆವರ್ತದಲ್ಲಿ ಇದು ಏರಿಳಿಯುವುದು ಸಾವಿರಕ್ಕೆ ಒಂದರಷ್ಟು ಮಾತ್ರ. ಸೂರ್ಯನು ನೂರಕ್ಕೆ ಕೆಲವು ಪಾಲಿನಷ್ಟು ಬದಲಾಗುತ್ತಾನೆಂದು ಆ್ಯಬಟ್ ಜೀವನಾಂತ್ಯದವರೆಗೂ ನಂಬಿದ್ದನು; ಅವನು ಕಂಡ ಬದಲಾವಣೆಯಲ್ಲಿ ಬಹುಪಾಲು ಮೇಲಣ ಗಾಳಿಯದೇ ಆಗಿತ್ತು.

ನಮ್ಮ ದೇಶದಲ್ಲಿ ಬಿಸಿಲಿನ ಅಳತೆಯನ್ನು ಕ್ರಮಬದ್ಧವಾಗಿ ನೆಲೆಗೊಳಿಸಿದ ಹಿರಿಮೆ ಅನ್ನಾ ಮಣಿಯವರದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಜನಿಸಿದ ಈಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಜ್ರ ಮಾಣಿಕ್ಯಗಳ ವರ್ಣಪಟಲವನ್ನು ಅಭ್ಯಸಿಸಿದರು. ಲಂಡನ್ನಿನಲ್ಲಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು ಬಂದು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಹೊರದೇಶದಿಂದ ತರಿಸದ ಹೊರತು ಮಳೆ ಗಾಳಿಗಳನ್ನು ಅಳೆಯುವ ಸಾಮಾನ್ಯ ಉಪಕರಣಗಳೂ ಸುಲಭವಾಗಿ ಸಿಕ್ಕದಿದ್ದ ಕಾಲ ಅದು. ಅವನ್ನು ಇಲ್ಲಿಯೇ ತಯಾರಿಸುವ ನಕ್ಷೆಗಳನ್ನು ಸಿದ್ಧಪಡಿಸಿ, 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ದೇಶದಲ್ಲಿ ಸೌರವಿಕಿರಣವನ್ನು ಅಳೆಯುವ ಠಾಣ್ಯಗಳ ಜಾಲವನ್ನು ಕಟ್ಟಿದರು. ಭಾರತದ ಸೌರವಿಕಿರಣದ ಅಂಕೆಗಳನ್ನು ಒಟ್ಟುಗೂಡಿಸಿ 1980ರ ಸುಮಾರಿಗೆ ಅವರು ಹೊರತಂದ ಗ್ರಂಥಗಳು ಸೌರವಿದ್ಯುತ್ತಿನ ಮಾತು ಇನ್ನೂ ಜನರ ಬಾಯಿಗೆ ಬರುವ ಮೊದಲೇ ಅದಕ್ಕೆ ತಳಹದಿ ಹಾಕಿದವು. ನಿವೃತ್ತಿಯ ಅನಂತರ ಬೆಂಗಳೂರಿನಲ್ಲಿ ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಕಾರ್ಯಾಲಯವನ್ನೇ ಅವರು ನಡೆಸಿದರು. ಅಳತೆ ತಪ್ಪಾಗಿದ್ದರೆ ಅಳೆಯದಿರುವುದೇ ಲೇಸೆಂಬ ಅವರ ನಿಷ್ಠುರತೆಯನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ.

ಅವರು ನೆಟ್ಟ ಠಾಣ್ಯಗಳ ಮುಖ್ಯ ಉಪಕರಣ ಪೈರನೋಮೀಟರ್. ಸೂರ್ಯನ ಕಡೆಯಿಂದ ನೇರವಾಗಿ ಬರುವ ಕಿರಣವನ್ನಲ್ಲದೆ ಇಡೀ ಆಕಾಶದಿಂದ ಚದರಿ ಬರುವ ಬೆಳಕನ್ನೂ ಕೂಡಿಸಿ, ಸಮತಲವಾದ ನೆಲಕ್ಕೆ ಒಟ್ಟು ಎಷ್ಟು ಶಕ್ತಿ ಬೀಳುತ್ತಿದೆಯೆಂದು ಹೇಳುವಂಥದು. ಒಂದರೊಳಗೊಂದು ಕೂಡಿಸಿದ ಎರಡು ಗಾಜಿನ ಅರ್ಧಗೋಳಗಳು. ಒಳಗೆ ಕಪ್ಪು ಬಳಿದ ತಟ್ಟೆ. ತಟ್ಟೆಯ ಕೆಳಗೆ ಥರ್ಮೋಪೈಲ್. ಚದರ ಮೀಟರಿಗೆ ಸಾವಿರ ವಾಟಿನ ನಡುಹಗಲ ಬಿಸಿಲಿಗೆ ಅದು ಕೊಡುವ ವಿದ್ಯುದೊತ್ತಡ ಸುಮಾರು ಹತ್ತು ಮಿಲಿವೋಲ್ಟ್ ಮಾತ್ರ. ಸೂರ್ಯನ ನೇರ ಕಿರಣ ಬೀಳದಂತೆ ಒಂದು ನೆರಳುಪಟ್ಟಿಯನ್ನು ಅದರ ಮೇಲೆ ಹಿಡಿದರೆ ಚದರಿದ ಬೆಳಕಿನ ಪಾಲು ಬೇರೆಯಾಗಿ ತಿಳಿಯುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಗಳಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದಂಥ ಕ್ಷೇತ್ರಗಳನ್ನು ಯೋಜಿಸುವಾಗಲೂ ನಡೆಸುವಾಗಲೂ ಇಂಥ ಅಳತೆಗಳಿಲ್ಲದೆ ಆಗದು. ಬಿದ್ದ ಬಿಸಿಲೆಷ್ಟು, ಅದರಲ್ಲಿ ವಿದ್ಯುತ್ತಾದದ್ದೆಷ್ಟು ಎಂಬ ಲೆಕ್ಕವಿಲ್ಲದೆ ಫಲಕಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂದು ತಿಳಿಯುವ ಮಾರ್ಗವಿಲ್ಲ. ಬಯಲುಸೀಮೆಯ ಧೂಳು ಒಂದು ಪದರ ಗಾಜಿನ ಮೇಲೆ ಕುಳಿತರೂ, ಒಂದು ಹಕ್ಕಿ ಬಂದು ಕುಳಿತು ಹೋದರೂ ಲೆಕ್ಕ ತಪ್ಪುತ್ತದೆ. ಆದುದರಿಂದ ಆ ಗಾಜನ್ನು ಬೆಳಗ್ಗೆ ಬೆಳಗ್ಗೆ ಒರೆಸುವವನ ಕೆಲಸ ಅತಿ ಸಣ್ಣದಾಗಿ ಕಂಡರೂ ಅದನ್ನು ತಪ್ಪಿಸುವಂತಿಲ್ಲ.

ವರ್ಷಗಳು ಕಳೆದಂತೆ ಕಪ್ಪು ಲೇಪವೂ ಮಾಸಿ ಉಪಕರಣ ತೋರಿಸುವ ಬೆಲೆ ಜಾರುತ್ತದೆ. ಆಗಾಗ ಅದನ್ನು ಮೇಲ್ಮಟ್ಟದ ಉಪಕರಣದೊಂದಿಗೆ ಒಂದೇ ಬಿಸಿಲಿನಲ್ಲಿ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಆ ಮೇಲ್ಮಟ್ಟದ ಉಪಕರಣಗಳು ಹವಾಮಾನ ಇಲಾಖೆಯ ಪುಣೆಯ ಕೇಂದ್ರದಲ್ಲಿವೆ. ಅವಕ್ಕೂ ಮೇಲಿನವು ಸ್ವಿಟ್ಸರ್ಲೆಂಡಿನ ದಾವೋಸ್ ಎಂಬ ಬೆಟ್ಟದೂರಿನಲ್ಲಿವೆ. ಐದು ವರ್ಷಗಳಿಗೊಮ್ಮೆ ದೇಶದೇಶಗಳವರು ತಮ್ಮ ತಮ್ಮ ಪೈರ್‌ಹೀಲಿಯೋಮೀಟರುಗಳನ್ನು ಅಲ್ಲಿಗೆ ಒಯ್ದು, ಮೋಡವಿಲ್ಲದ ದಿನಗಳಿಗಾಗಿ ಕಾದು, ಒಂದೇ ಸೂರ್ಯನ ಕಡೆಗೆ ಎಲ್ಲವನ್ನೂ ತಿರುಗಿಸಿ ಹೋಲಿಸಿಕೊಳ್ಳುತ್ತಾರೆ. ಪಾವಗಡದಲ್ಲಿ ಬಿದ್ದ ಬಿಸಿಲಿನ ಲೆಕ್ಕಕ್ಕೂ ಕಟ್ಟಕಡೆಯ ಪ್ರಮಾಣವು ಅಲ್ಲಿಂದಲೇ ಬರತಕ್ಕದ್ದು.